ಬಕೆಟ್ ಒಂದು ಅಕೌಂಟಿನದು, ಓದುವವರು ಇನ್ನೊಂದರವರು: ಎಸ್3 ಪ್ರವೇಶ ಸುರಕ್ಷಿತವಾಗಿ ಕೊಡುವುದು ಹೇಗೆ?

"ಒಂದು ಐಎಎಂ ಯೂಸರ್ ಮಾಡಿ, ಅಕ್ಸೆಸ್ ಕೀ ಕಳಿಸಿಬಿಡಿ, ಸಾಕು." ಬೇರೆ ಅಕೌಂಟಿನವರು ನಮ್ಮ ಎಸ್3 ಬಕೆಟ್ ಓದಬೇಕು ಅಂದಾಗ ಮೊದಲು ಬರುವ ಸಲಹೆ ಇದೇ. (ಎಸ್3 ಅಂದರೆ ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನಲ್ಲಿ ಫೈಲ್ ಇಡುವ ಜಾಗ, ಬಕೆಟ್ ಅಂದರೆ ಅದರಲ್ಲಿನ ಒಂದು ಡಬ್ಬಿ. ಯಾರಿಗೆ ಏನು ಅನುಮತಿ ಅಂತ ನೋಡಿಕೊಳ್ಳುವುದು ಐಎಎಂ. ಅಕ್ಸೆಸ್ ಕೀ ಅಂದರೆ ಪ್ರೋಗ್ರಾಂಗಳು ಒಳಗೆ ಬರಲು ಬಳಸುವ ಗುಟ್ಟಿನ ಸಂಕೇತ.) ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ನಿಜ. ಆದರೆ ಆ ಕೀಗೆ ತಾನಾಗಿ ಸಾವಿಲ್ಲ. ಯಾರಾದರೂ ನೆನಪಿಟ್ಟು ಅಳಿಸುವ ತನಕ ಅದು ಬದುಕಿರುತ್ತದೆ. ಚಾಟ್‌ನಲ್ಲಿ ಒಂದು ಪ್ರತಿ, ಮೇಲ್‌ನಲ್ಲಿ ಒಂದು, ಯಾರದೋ ಲ್ಯಾಪ್‌ಟಾಪಿನಲ್ಲಿ ಮತ್ತೊಂದು. ಎರಡು ವರ್ಷ ಕಳೆದ ಮೇಲೆ ಅದನ್ನು ಯಾರು ಬಳಸುತ್ತಿದ್ದಾರೆ ಅಂತ ಹೇಳುವವರೇ ಇರುವುದಿಲ್ಲ. ಅಳಿಸೋಕೂ ಭಯ, ಬಿಡೋಕೂ ಭಯ.

ಕೀ ಕೈ ಬದಲಾಗದೆ ಪ್ರವೇಶ ಕೊಡುವ ದಾರಿ ಎಡಬ್ಲ್ಯೂಎಸ್‌ನಲ್ಲಿ ಇದೆ. ಸ್ವಲ್ಪ ಜಾಸ್ತಿ ಕೆಲಸ, ಅಷ್ಟೇ. ಅದನ್ನೇ ಇಲ್ಲಿ ಹಂತ ಹಂತವಾಗಿ ನೋಡೋಣ.

## ಎರಡು ಬೀಗದ ಬಾಗಿಲು

ಉದಾಹರಣೆಗೆ ಎರಡು ಅಕೌಂಟ್ ಇಟ್ಟುಕೊಳ್ಳೋಣ. 111122223333 ಬಕೆಟ್ ಇರುವ ಅಕೌಂಟ್. ಅದನ್ನು ಮಾಲೀಕ ಅನ್ನೋಣ. 444455556666 ಡೇಟಾ ಬೇಕಾದವರ ಅಕೌಂಟ್. ಅದು ಅತಿಥಿ. ಬಕೆಟ್ ಹೆಸರು ಕಣಜ. ಅದರೊಳಗೆ 'ವರದಿ/' ಅನ್ನುವ ಫೋಲ್ಡರ್ ಇದೆ. ಅತಿಥಿಗೆ ಬೇಕಾಗಿರುವುದು ಅದೊಂದೇ, ಅದೂ ಓದುವುದಕ್ಕೆ ಮಾತ್ರ.

ಒಂದೇ ಅಕೌಂಟಿನೊಳಗೆ ವ್ಯವಹಾರ ಸುಲಭ. ಯೂಸರ್ ಅಥವಾ ರೋಲ್‌ಗೆ (ಬೇಕಾದಾಗ ತಾತ್ಕಾಲಿಕವಾಗಿ ಹಾಕಿಕೊಳ್ಳುವ ಗುರುತು) ಅಂಟಿಸಿದ ಐಎಎಂ ಪಾಲಿಸಿ (ಏನು ಮಾಡಬಹುದು ಅಂತ ಬರೆದ ನಿಯಮ) ಹೂಂ ಅಂದರೂ ಸಾಕು, ಬಕೆಟ್‌ಗೇ ಅಂಟಿಸಿದ ಬಕೆಟ್ ಪಾಲಿಸಿ ಹೂಂ ಅಂದರೂ ಸಾಕು. ಅಕೌಂಟ್ ಬೇರೆಯಾದ ಕೂಡಲೇ ನಿಯಮ ಬದಲಾಗುತ್ತದೆ. ಈಗ ಎರಡೂ ಹೂಂ ಅನ್ನಬೇಕು. "ನಮ್ಮ ರೋಲ್ ಹೊರಗಿನ ಆ ಬಕೆಟ್ ಮುಟ್ಟಬಹುದು" ಅಂತ ಅತಿಥಿ ಹೇಳಬೇಕು. "ಆ ರೋಲ್ ನಮ್ಮ ಬಕೆಟ್ ಓದಬಹುದು" ಅಂತ ಮಾಲೀಕರು ಹೇಳಬೇಕು. ಒಬ್ಬರು ಸುಮ್ಮನಿದ್ದರೂ ಸಿಗುವುದು 403, ಅಂದರೆ 'ಅನುಮತಿ ಇಲ್ಲ' ಅನ್ನುವ ಎರರ್. ಇನ್ನು ಎಲ್ಲಾದರೂ ಒಂದು ಕಡೆ 'ಡಿನೈ' ಅಂತ ಬರೆದಿದ್ದರೆ ಮುಗಿಯಿತು, ಬೇರೆ ಎಷ್ಟು ಕಡೆ ಒಪ್ಪಿಗೆ ಇದ್ದರೂ ಅದೇ ಗೆಲ್ಲುತ್ತದೆ.

ಫೈಲುಗಳು ಕೆಎಂಎಸ್ (ಎನ್‌ಕ್ರಿಪ್ಷನ್ ಕೀಗಳನ್ನು ನೋಡಿಕೊಳ್ಳುವ ಎಡಬ್ಲ್ಯೂಎಸ್ ಸೇವೆ) ಕೀ ಬಳಸಿ ಎನ್‌ಕ್ರಿಪ್ಟ್ ಆಗಿದ್ದರೆ ಮೂರನೇ ಬೀಗವೂ ಇರುತ್ತದೆ. ಜನ ಮರೆಯುವುದು ಇದನ್ನೇ. ಅದಕ್ಕೆ ಆಮೇಲೆ ಬರೋಣ.

## ಯಾವ ದಾರಿ ಹಿಡಿಯಬೇಕು?

ದಾರಿ ಎರಡು. ಒಂದು, ಬಕೆಟ್ ಪಾಲಿಸಿಯಲ್ಲೇ ಅತಿಥಿಯ ರೋಲ್ ಹೆಸರು ಬರೆಯುವುದು. ಇನ್ನೊಂದು, ಮಾಲೀಕರ ಅಕೌಂಟಿನಲ್ಲೇ ಒಂದು ರೋಲ್ ಮಾಡಿ, ಅದನ್ನು ಅತಿಥಿ 'ಅಸ್ಯೂಮ್' ಮಾಡಲು ಬಿಡುವುದು. ಎರಡನೆಯದರಲ್ಲಿ ಅತಿಥಿ ಸ್ವಲ್ಪ ಹೊತ್ತು ಮಾಲೀಕರ ರೋಲ್‌ನ ವೇಷ ಹಾಕಿಕೊಂಡ ಹಾಗೆ.

ಎಸ್3 ಒಂದೇ ಬೇಕಿದ್ದರೆ ನಾನು ಬಕೆಟ್ ಪಾಲಿಸಿಯನ್ನೇ ಆರಿಸುತ್ತೇನೆ. ಕಾರಣ ಸಣ್ಣದು, ಆದರೆ ಕೆಲಸಕ್ಕೆ ಬರುವಂಥದ್ದು. ರೋಲ್ ಅಸ್ಯೂಮ್ ಮಾಡಿದಾಗ ನಿಮ್ಮ ಮೂಲ ಅಧಿಕಾರಗಳು ಕೈಬಿಟ್ಟು ಹೋಗುತ್ತವೆ, ಆ ರೋಲ್‌ನದು ಮಾತ್ರ ಉಳಿಯುತ್ತದೆ. ನೀವೇ ಅತಿಥಿ, ಕಣಜದಿಂದ ನಿಮ್ಮದೇ ಬಕೆಟ್‌ಗೆ ಕಾಪಿ ಮಾಡಬೇಕು ಅನ್ನಿ. ಮಾಲೀಕರ ರೋಲ್ ಹಾಕಿಕೊಂಡರೆ ಕಣಜ ಓದಬಹುದು, ಆದರೆ ನಿಮ್ಮ ಬಕೆಟ್‌ಗೆ ಬರೆಯಲು ಆಗುವುದಿಲ್ಲ. ಸ್ವಂತ ಬಕೆಟ್ ಮುಂದೆಯೇ ಅಪರಿಚಿತರ ಹಾಗೆ ನಿಲ್ಲಬೇಕು! ಬಕೆಟ್ ಪಾಲಿಸಿ ದಾರಿಯಲ್ಲಿ ಈ ಪಜೀತಿ ಇಲ್ಲ. ನಿಮ್ಮ ರೋಲ್ ನಿಮ್ಮದೇ ಆಗಿದ್ದು ಎರಡೂ ಕಡೆ ಕೈಯಾಡಿಸಬಹುದು.

ಎಸ್3 ಜೊತೆಗೆ ಬೇರೆ ಸೇವೆಗಳೂ ಬೇಕಾದರೆ, ಬಕೆಟ್‌ಗಳ ಸಂಖ್ಯೆ ಜಾಸ್ತಿ ಇದ್ದರೆ, ಅಥವಾ ಅತಿಥಿ ಅಂದರೆ ಹಲವು ಗ್ರಾಹಕರ ಡೇಟಾ ನೋಡಿಕೊಳ್ಳುವ ಹೊರಗಿನ ಕಂಪನಿ ಆಗಿದ್ದರೆ ರೋಲ್ ದಾರಿಯೇ ಸರಿ. ಬಕೆಟ್ ಪಾಲಿಸಿಗೆ 20 ಕೆಬಿ ಮಿತಿ ಇದೆ ಅನ್ನುವುದೂ ನೆನಪಿರಲಿ.

ಒಂದೇ ಒಂದು ಫೈಲ್, ಒಂದೇ ಸಲ ಕೊಡಬೇಕಾಗಿದೆಯಾ? ಹಾಗಾದರೆ ಇದೆಲ್ಲ ಬೇಡವೇ ಬೇಡ. ಪ್ರಿಸೈನ್ಡ್ ಯುಆರ್‌ಎಲ್ (ನಿಮ್ಮ ಸಹಿ ಇರುವ, ಅವಧಿ ಮುಗಿದರೆ ಸಾಯುವ ಲಿಂಕ್) ಮಾಡಿ ಕೊಡಿ. ಅದರ ಆಯಸ್ಸು ಹೆಚ್ಚೆಂದರೆ 7 ದಿನ. ತಾತ್ಕಾಲಿಕ ಕ್ರೆಡೆನ್ಷಿಯಲ್‌ನಿಂದ ಸಹಿ ಮಾಡಿದ್ದರೆ ಅದು ಮುಗಿದಾಗಲೇ ಲಿಂಕೂ ಸಾಯುತ್ತದೆ. ಆದರೆ ಲಿಂಕ್ ಕೈಗೆ ಸಿಕ್ಕವರೆಲ್ಲ ಆ ಫೈಲ್ ತೆಗೆಯಬಹುದು. ಹಾಗಾಗಿ ಅವಧಿ ಚಿಕ್ಕದಿರಲಿ.

## ಹಂತ 1: ಕೇಳಬೇಕಾದ್ದನ್ನು ಮೊದಲೇ ಕೇಳಿ

ಅತಿಥಿ ಸಾಮಾನ್ಯವಾಗಿ 12 ಅಂಕಿಯ ಅಕೌಂಟ್ ನಂಬರ್ ಕಳಿಸಿ ಸುಮ್ಮನಾಗುತ್ತಾರೆ. ಅದು ಸಾಲದು. ರೋಲ್‌ನ ಪೂರ್ತಿ ಎಆರ್‌ಎನ್ (ಎಡಬ್ಲ್ಯೂಎಸ್ ಒಳಗಿನ ಅದರ ವಿಳಾಸ) ಕೇಳಿ. ಯಾವ ಫೋಲ್ಡರ್ ಬೇಕು, ಓದಲು ಮಾತ್ರವೋ ಬರೆಯಲೂ ಬೇಕೋ, ಎಲ್ಲಿಯವರೆಗೆ ಬೇಕು ಅಂತಲೂ ಕೇಳಿ. 'ಎಲ್ಲಿಯವರೆಗೆ' ಅನ್ನುವ ಪ್ರಶ್ನೆಗೆ ಮೊದಲ ದಿನವೇ ಉತ್ತರ ಸಿಗದಿದ್ದರೆ ಮುಂದೆ ಯಾವತ್ತೂ ಸಿಗುವುದಿಲ್ಲ.

## ಹಂತ 2: ಬಕೆಟ್ ಯಾವ ಸ್ಥಿತಿಯಲ್ಲಿದೆ ನೋಡಿ

ಕನ್ಸೋಲ್‌ನಲ್ಲಿ ಬಕೆಟ್ ತೆರೆದು ಮೂರು ಕಡೆ ಕಣ್ಣು ಹಾಯಿಸಿ.

'ಬ್ಲಾಕ್ ಪಬ್ಲಿಕ್ ಅಕ್ಸೆಸ್' ಆನ್ ಆಗಿರಲಿ. ಬೇರೆ ಅಕೌಂಟ್‌ಗೆ ಕೊಡಬೇಕಾದರೆ ಇದನ್ನು ಆಫ್ ಮಾಡಬೇಕು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಗತ್ಯವಿಲ್ಲ. ಇಂಥ ಅಕೌಂಟಿನ ಇಂಥ ರೋಲ್ ಅಂತ ಹೆಸರಿಸಿ ಕೊಟ್ಟರೆ ಅದು ಪಬ್ಲಿಕ್ ಅನ್ನಿಸಿಕೊಳ್ಳುವುದಿಲ್ಲ.

'ಆಬ್ಜೆಕ್ಟ್ ಓನರ್‌ಶಿಪ್' ಅನ್ನುವಲ್ಲಿ 'ಬಕೆಟ್ ಓನರ್ ಎನ್‌ಫೋರ್ಸ್ಡ್' ಇರಬೇಕು. ಹಳೆಯ ಕಾಲದಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಅತಿಥಿ ನಮ್ಮ ಬಕೆಟ್‌ಗೆ ಫೈಲ್ ಹಾಕಿದರೆ ಅದರ ಒಡೆತನ ಅತಿಥಿಯದೇ ಆಗಿರುತ್ತಿತ್ತು. ಬಕೆಟ್ ನಮ್ಮದು, ಬಿಲ್ ನಮ್ಮದು, ಫೈಲ್ ಮಾತ್ರ ನಮಗೇ ಓದಲು ಬರುತ್ತಿರಲಿಲ್ಲ. 2021ರ ಕೊನೆಗೆ ಈ ಸೆಟ್ಟಿಂಗ್ ಬಂತು. ಇದು ಇದ್ದರೆ ಒಳಗೆ ಬಂದದ್ದೆಲ್ಲ ಬಕೆಟ್ ಮಾಲೀಕರದ್ದೇ. ಎಸಿಎಲ್‌ಗಳ (ಬಕೆಟ್‌ಗೋ ಫೈಲಿಗೋ ನೇರ ಅನುಮತಿ ಅಂಟಿಸುವ ಹಳೆಯ ಪದ್ಧತಿ) ಕಾರುಬಾರು ಬಂದ್. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳು ಹುಟ್ಟುವಾಗಲೇ ಹೀಗಿರುತ್ತವೆ. ಅದಕ್ಕಿಂತ ಹಳೆಯದಾದರೆ ನೋಡಿ ಬದಲಿಸಿ. ಆದರೆ ಬದಲಿಸುವ ಮೊದಲು ಹಳೆಯ ಸ್ಕ್ರಿಪ್ಟ್‌ಗಳನ್ನು ಒಮ್ಮೆ ಹುಡುಕಿ. ಪಬ್ಲಿಕ್-ರೀಡ್‌ನಂಥ ಎಸಿಎಲ್ ಜೊತೆ ಅಪ್‌ಲೋಡ್ ಮಾಡುವ ಸ್ಕ್ರಿಪ್ಟ್ ಇದ್ದರೆ ಆ ಕ್ಷಣದಿಂದ 400 ಎರರ್ ಕೊಡುತ್ತದೆ.

ಮೂರನೆಯದು ಎನ್‌ಕ್ರಿಪ್ಷನ್. 'ಎಸ್‌ಎಸ್‌ಇ-ಎಸ್3' ಅಂತಿದ್ದರೆ ನಿರಾಳ, ಕೀಯನ್ನು ಎಸ್3 ತಾನೇ ನೋಡಿಕೊಳ್ಳುತ್ತದೆ, ಅದಕ್ಕೆ ಕೀ ಅನುಮತಿ ಬೇಕಾಗಿಲ್ಲ. 'ಎಸ್‌ಎಸ್‌ಇ-ಕೆಎಂಎಸ್' ಅಂತಿದ್ದರೆ ಯಾವ ಕೀ ಅಂತ ಬರೆದಿಟ್ಟುಕೊಳ್ಳಿ.

## ಹಂತ 3: ಅತಿಥಿಯ ಕಡೆ ರೋಲ್

ಕೆಲಸ ಅತಿಥಿಯ ಕಡೆಯಿಂದಲೇ ಶುರುವಾಗಬೇಕು. ಬಕೆಟ್ ಪಾಲಿಸಿಯಲ್ಲಿ ಇನ್ನೂ ಹುಟ್ಟದ ರೋಲ್ ಹೆಸರು ಬರೆದರೆ 'ಇನ್‌ವ್ಯಾಲಿಡ್ ಪ್ರಿನ್ಸಿಪಲ್' (ಪ್ರಿನ್ಸಿಪಲ್ ಅಂದರೆ ಅನುಮತಿ ಪಡೆಯುವವರು) ಅಂತ ಎಸ್3 ಸೇವ್ ಮಾಡಲೇ ಬಿಡುವುದಿಲ್ಲ.

ಅತಿಥಿ ತಮ್ಮ ಅಕೌಂಟಿನಲ್ಲಿ 'ಓದುಗ' ಅಂತ ಒಂದು ರೋಲ್ ಮಾಡಲಿ. ಅದಕ್ಕೆ ಎರಡು ಅನುಮತಿ: ಕಣಜ ಬಕೆಟ್ ಮೇಲೆ 'ಲಿಸ್ಟ್‌ಬಕೆಟ್', ಕಣಜದ ವರದಿ ಫೋಲ್ಡರಿನ ಫೈಲುಗಳ ಮೇಲೆ 'ಗೆಟ್‌ಆಬ್ಜೆಕ್ಟ್'. ಇಲ್ಲಿ ಎಸ್3 ಕೆಳಗೆ ಎಲ್ಲಕ್ಕೂ ನಕ್ಷತ್ರ (* ಗುರುತು, ಅಂದರೆ 'ಯಾವುದಾದರೂ ಸರಿ') ಹಾಕಿ ಬಿಡುವ ಚಟ ಕೆಲವರಿಗೆ. ಆಗ ಆ ರೋಲ್ ಅತಿಥಿಯ ಸ್ವಂತ ಬಕೆಟ್‌ಗಳನ್ನೆಲ್ಲ ಅಳಿಸುವಷ್ಟು ಬಲ ಪಡೆಯುತ್ತದೆ. ನಷ್ಟ ಅವರದ್ದೇ.

## ಹಂತ 4: ಮಾಲೀಕರ ಕಡೆ ಬಕೆಟ್ ಪಾಲಿಸಿ

ಇಲ್ಲಿ ನಿಧಾನವಾಗಿ ನಡೆಯೋಣ. ಪಾಲಿಸಿಯಲ್ಲಿ ಎರಡು ಸ್ಟೇಟ್‌ಮೆಂಟ್ ಬರಬೇಕು, ಒಂದರಲ್ಲಿ ಎರಡನ್ನೂ ತುರುಕಬೇಡಿ.

ಮೊದಲನೆಯದು ಪಟ್ಟಿ ನೋಡಲು. ಎಫೆಕ್ಟ್ 'ಅಲೋ'. ಪ್ರಿನ್ಸಿಪಲ್ 444455556666ರ ಓದುಗ ರೋಲ್‌ನ ಪೂರ್ತಿ ಎಆರ್‌ಎನ್. ಆಕ್ಷನ್ 'ಲಿಸ್ಟ್‌ಬಕೆಟ್'. ರಿಸೋರ್ಸ್ ಬರೀ ಬಕೆಟ್‌ನ ಎಆರ್‌ಎನ್, ಕೊನೆಗೆ ಸ್ಲ್ಯಾಷ್ ಇಲ್ಲ, ನಕ್ಷತ್ರ ಇಲ್ಲ. ಜೊತೆಗೆ ಕಂಡಿಷನ್: ಪ್ರಿಫಿಕ್ಸ್ (ಫೈಲ್ ಹೆಸರಿನ ಮೊದಲ ಭಾಗ) 'ವರದಿ/' ಎಂದು ಶುರುವಾಗಬೇಕು.

ಎರಡನೆಯದು ಫೈಲ್ ಓದಲು. ಪ್ರಿನ್ಸಿಪಲ್ ಅದೇ. ಆಕ್ಷನ್ 'ಗೆಟ್‌ಆಬ್ಜೆಕ್ಟ್'. ರಿಸೋರ್ಸ್ ಬಕೆಟ್ ಎಆರ್‌ಎನ್, ಸ್ಲ್ಯಾಷ್, ವರದಿ, ಸ್ಲ್ಯಾಷ್, ನಕ್ಷತ್ರ.

ಈ ಒಂದು ಸ್ಲ್ಯಾಷ್-ನಕ್ಷತ್ರ ತಿಂದಷ್ಟು ತಲೆಯನ್ನು ಬೇರೆ ಯಾವುದೂ ತಿಂದಿರಲಾರದು. ಲಿಸ್ಟ್ ಅನ್ನುವುದು ಬಕೆಟ್ ಮೇಲಿನ ಕೆಲಸ, ಗೆಟ್ ಅನ್ನುವುದು ಫೈಲ್ ಮೇಲಿನ ಕೆಲಸ. ಒಂದರ ವಿಳಾಸ ಇನ್ನೊಂದಕ್ಕೆ ಕೊಟ್ಟರೆ ಪಾಲಿಸಿ ನೋಡಲು ಸರಿಯಾಗಿಯೇ ಇರುತ್ತದೆ, ಅನುಮತಿ ಮಾತ್ರ ಸಿಗುವುದಿಲ್ಲ.

ಪ್ರಿನ್ಸಿಪಲ್ ಜಾಗದಲ್ಲಿ ರೋಲ್ ಬದಲು ಅತಿಥಿ ಅಕೌಂಟಿನ 'ರೂಟ್' ಬರೆಯುವ ರೂಢಿಯೂ ಇದೆ. ಅದರ ಅರ್ಥ ರೂಟ್ ಯೂಸರ್‌ಗೆ ಮಾತ್ರ ಅಂತಲ್ಲ. ಇಡೀ ಅಕೌಂಟಿಗೆ ಕೊಟ್ಟಂತೆ. ಅಲ್ಲಿ ಯಾರಿಗೆ ಹಂಚಬೇಕು ಅನ್ನುವುದು ಅಲ್ಲಿನ ಅಡ್ಮಿನ್ ಕೈಗೆ ಹೋಗುತ್ತದೆ. ನಿಮ್ಮದೇ ಸಂಸ್ಥೆಯ ಇನ್ನೊಂದು ಅಕೌಂಟ್ ಆದರೆ ನಡೆಯುತ್ತದೆ, ಹೊರಗಿನವರಾದರೆ ಬೇಡ.

ಆದರೆ ರೋಲ್ ಹೆಸರಿಸುವುದರಲ್ಲೂ ಒಂದು ಗುಟ್ಟಿದೆ. ಪಾಲಿಸಿ ಸೇವ್ ಆದಾಗ ಎಡಬ್ಲ್ಯೂಎಸ್ ಆ ಹೆಸರಿನ ಹಿಂದಿರುವ ಐಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅತಿಥಿ ರೋಲ್ ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದರೆ ಹೆಸರು ಅದೇ, ಐಡಿ ಬೇರೆ. ಪ್ರವೇಶ ನಿಂತುಹೋಗುತ್ತದೆ. ಬಕೆಟ್ ಪಾಲಿಸಿ ತೆರೆದರೆ ಎಆರ್‌ಎನ್ ಇದ್ದ ಜಾಗದಲ್ಲಿ 'ಎಆರ್‌ಒಎ' ಅಂತ ಶುರುವಾಗುವ ಅಕ್ಷರಗಳ ಸಾಲು ಕಾಣುತ್ತದೆ. ಅದು ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ. ಎಆರ್‌ಎನ್ ಮತ್ತೆ ಬರೆದು ಸೇವ್ ಮಾಡಿದರೆ ಸರಿಹೋಗುತ್ತದೆ. ನನಗೇನೋ ಇದು ತೊಂದರೆಗಿಂತ ಒಳ್ಳೆಯ ಕಾವಲು ಅನ್ನಿಸುತ್ತದೆ. ಹಳೆಯ ಹೆಸರಿಟ್ಟುಕೊಂಡು ಬೇರೆ ಯಾರೋ ಒಳಗೆ ನುಗ್ಗಲು ಆಗುವುದಿಲ್ಲ ಅಲ್ವಾ? ಪದೇ ಪದೇ ರೋಲ್ ಅಳಿಸಿ ಕಟ್ಟುವ ತಂಡವಾದರೆ ಪ್ರಿನ್ಸಿಪಲ್‌ನಲ್ಲಿ ಅಕೌಂಟ್ ಬರೆದು, ಕಂಡಿಷನ್‌ನಲ್ಲಿ 'ಪ್ರಿನ್ಸಿಪಲ್‌ಎಆರ್‌ಎನ್' ಇದೇ ಆಗಿರಬೇಕು ಅಂತ ಹಾಕಿ. ಆಗ ಹೊಸ ರೋಲ್‌ಗೂ ನಡೆಯುತ್ತದೆ.

ಜೊತೆಗೆ ಮೂರನೇ ಸ್ಟೇಟ್‌ಮೆಂಟ್ ಒಂದನ್ನು ನಾನು ಯಾವಾಗಲೂ ಸೇರಿಸುತ್ತೇನೆ: 'ಸೆಕ್ಯೂರ್‌ಟ್ರಾನ್ಸ್‌ಪೋರ್ಟ್' ಫಾಲ್ಸ್ ಇದ್ದರೆ ಎಲ್ಲರಿಗೂ ಡಿನೈ. ಎಚ್‌ಟಿಟಿಪಿಎಸ್ ಇಲ್ಲದೆ ಯಾರೂ ಬರುವಂತಿಲ್ಲ. ಡಿನೈ ಬರೆಯುವಾಗ ಕಂಡಿಷನ್ ಮರೆತರೆ ಮಾತ್ರ ನಿಮ್ಮನ್ನೂ ಸೇರಿಸಿ ಎಲ್ಲರೂ ಹೊರಗೆ! ಹಾಗೆ ಸಿಕ್ಕಿಹಾಕಿಕೊಂಡರೆ ಬಕೆಟ್ ಇರುವ ಅಕೌಂಟಿನ ರೂಟ್ ಯೂಸರ್ ಆಗಿ ಲಾಗಿನ್ ಆಗಿ ಆ ಪಾಲಿಸಿ ಅಳಿಸಬಹುದು.

## ಹಂತ 5: ಕೀ ಅನ್ನುವ ಮೂರನೇ ಬೀಗ

ಬಕೆಟ್ ಎಸ್‌ಎಸ್‌ಇ-ಕೆಎಂಎಸ್‌ನಲ್ಲಿ ಇದ್ದರೆ ಇದನ್ನು ಬಿಡುವಂತಿಲ್ಲ. 'ಎಡಬ್ಲ್ಯೂಎಸ್/ಎಸ್3' ಅನ್ನುವ ಸಿದ್ಧ ಕೀ ಇದ್ದರೆ ಆಟ ಅಲ್ಲಿಗೇ ನಿಂತಿತು. ಅದರ ಪಾಲಿಸಿ ತಿದ್ದಲು ಬರುವುದಿಲ್ಲ, ಬೇರೆ ಅಕೌಂಟಿಗೆ ಕೊಡಲೂ ಬರುವುದಿಲ್ಲ. ನೀವೇ ಒಂದು ಕೀ ಮಾಡಿಕೊಳ್ಳಬೇಕು, ಅದೂ ಬಕೆಟ್ ಇರುವ ರೀಜನ್‌ನಲ್ಲೇ (ರೀಜನ್ ಅಂದರೆ ಎಡಬ್ಲ್ಯೂಎಸ್ ಡೇಟಾ ಕೇಂದ್ರಗಳಿರುವ ಪ್ರದೇಶ).

ಹೊಸ ಕೀಯನ್ನು ಬಕೆಟ್‌ಗೆ ಹಾಕಿದ ಮೇಲೂ ಹಳೆಯ ಫೈಲುಗಳು ಹಳೆಯ ಕೀಯಲ್ಲೇ ಉಳಿದಿರುತ್ತವೆ. ಡೀಫಾಲ್ಟ್ ಬದಲಿಸಿದರೆ ಮುಂದೆ ಬರುವ ಫೈಲುಗಳಿಗೆ ಮಾತ್ರ ಅನ್ವಯ. ಹಳೆಯವನ್ನು ಅವುಗಳ ಮೇಲೇ ಮತ್ತೆ ಕಾಪಿ ಮಾಡಬೇಕು. "ನಿನ್ನೆಯ ವರದಿ ಬರ್ತಿದೆ, ಹೋದ ತಿಂಗಳದ್ದು ಬರ್ತಿಲ್ಲ" ಅಂತ ಅತಿಥಿ ಹೇಳಿದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಕೀಯಲ್ಲೂ ಎರಡು ಕಡೆಯ ಒಪ್ಪಿಗೆ ಬೇಕು. ಮಾಲೀಕರ ಕೀ ಪಾಲಿಸಿಯಲ್ಲಿ ಓದುಗ ರೋಲ್‌ಗೆ 'ಡಿಕ್ರಿಪ್ಟ್' ಕೊಡಿ. ಅಲ್ಲಿ ರಿಸೋರ್ಸ್ ಜಾಗದಲ್ಲಿ ನಕ್ಷತ್ರ ಇದ್ದರೆ ಹೆದರಬೇಡಿ, ಕೀ ಪಾಲಿಸಿಯಲ್ಲಿ ನಕ್ಷತ್ರ ಅಂದರೆ 'ಈ ಕೀ' ಅಂತಷ್ಟೇ ಅರ್ಥ. ಅತಿಥಿ ತಮ್ಮ ರೋಲ್‌ನ ಐಎಎಂ ಪಾಲಿಸಿಯಲ್ಲಿ ಅದೇ ಡಿಕ್ರಿಪ್ಟ್ ಅನ್ನು ಕೀಯ ಪೂರ್ತಿ ಎಆರ್‌ಎನ್ ಸಮೇತ ಬರೆಯಬೇಕು. 'ವಯಾಸರ್ವಿಸ್' ಕಂಡಿಷನ್ ಹಾಕಿ ಎಸ್3 ಮೂಲಕ ಬಂದಾಗ ಮಾತ್ರ ಕೀ ತೆರೆಯಲಿ ಅಂತ ಬಿಗಿ ಮಾಡಬಹುದು.

ಅತಿಥಿ ಬರೆಯಲೂ ಬೇಕಿದ್ದರೆ 'ಜನರೇಟ್‌ಡೇಟಾಕೀ' ಸೇರಿಸಿ. ಡಿಕ್ರಿಪ್ಟ್ ಕೂಡ ಇರಲಿ. ಬರೀ ಬರೆಯುವವರಿಗೆ ಡಿಕ್ರಿಪ್ಟ್ ಯಾಕೆ ಅಂತ ನಾನೂ ಒಮ್ಮೆ ಜಾಣತನ ತೋರಿಸಲು ಹೋಗಿ ಅರ್ಧ ದಿನ ಕಳೆದಿದ್ದೆ. ಟೆಸ್ಟ್ ಫೈಲ್ ಸಲೀಸಾಗಿ ಹೋಗುತ್ತಿತ್ತು. ನಿಜವಾದ ಬ್ಯಾಕಪ್ ಫೈಲ್ ಹಾಕಿದರೆ 403. ಅದೇ ರೋಲ್, ಅದೇ ಫೋಲ್ಡರ್, ಅದೇ ಕಮಾಂಡ್. ಹೆಸರಿನಲ್ಲಿ ಏನಾದರೂ ಎಡವಟ್ಟಿದೆಯಾ ಅಂತ ಫೈಲಿನ ಹೆಸರು ಕೂಡ ಬದಲಿಸಿ ನೋಡಿದೆ. ಕೊನೆಗೆ ಸಿಕ್ಕಿದ್ದು ಗಾತ್ರದ ವ್ಯತ್ಯಾಸ. ಎಡಬ್ಲ್ಯೂಎಸ್ ಸಿಎಲ್‌ಐ (ಕಮಾಂಡ್ ಟೈಪ್ ಮಾಡಿ ಬಳಸುವ ಟೂಲ್) 8 ಎಂಬಿ ದಾಟಿದ ಫೈಲನ್ನು ತಾನಾಗಿಯೇ ತುಂಡು ತುಂಡು ಮಾಡಿ ಕಳಿಸುತ್ತದೆ. ತುಂಡುಗಳಾಗಿ ಹೋಗುವ ಅಪ್‌ಲೋಡ್‌ಗೆ ಡಿಕ್ರಿಪ್ಟ್ ಬೇಕೇ ಬೇಕು. ನನ್ನ ಟೆಸ್ಟ್ ಫೈಲಿನಲ್ಲಿ ಇದ್ದದ್ದು ಒಂದು ಸಾಲು!

## ಹಂತ 6: ಪರೀಕ್ಷೆ, ಸಿಗಬೇಕಾದ್ದಕ್ಕೂ ಸಿಗಬಾರದ್ದಕ್ಕೂ

ಅತಿಥಿ ಮೊದಲು ಓಡಿಸಬೇಕಾದ್ದು ಎಸ್‌ಟಿಎಸ್‌ನ (ತಾತ್ಕಾಲಿಕ ಕ್ರೆಡೆನ್ಷಿಯಲ್ ಕೊಡುವ ಸೇವೆ) 'ಗೆಟ್-ಕಾಲರ್-ಐಡೆಂಟಿಟಿ' ಕಮಾಂಡ್. ನಾನು ಈಗ ಯಾರು ಅಂತ ಅದು ಹೇಳುತ್ತದೆ, ಅದಕ್ಕೆ ಯಾವ ಅನುಮತಿಯೂ ಬೇಡ. ಓದುಗ ರೋಲ್ ಅಂದುಕೊಂಡು ಬೇರೆ ಯಾವುದೋ ಹಳೆಯ ಪ್ರೊಫೈಲ್‌ನಲ್ಲಿ ಕೂತಿರುವುದು ತುಂಬಾ ಸಾಮಾನ್ಯ. ಆಮೇಲೆ ವರದಿ ಫೋಲ್ಡರ್ ಪಟ್ಟಿ ಮಾಡಿ, ಒಂದು ಫೈಲ್ ಇಳಿಸಿ. ಬರೆಯುವ ಅನುಮತಿ ಇದ್ದರೆ ಒಂದು ಸಣ್ಣ ಫೈಲ್, ಒಂದು 20 ಎಂಬಿ ಫೈಲ್ ಎರಡನ್ನೂ ಏರಿಸಿ.

ಆಮೇಲೆ ಉಲ್ಟಾ ಪರೀಕ್ಷೆ. ಬಕೆಟ್‌ನ ಬೇರೆ ಫೋಲ್ಡರಿನ ಫೈಲ್ ತೆಗೆಯಲು ನೋಡಿ. ಅಳಿಸಲು ನೋಡಿ. ಪ್ರಿಫಿಕ್ಸ್ ಇಲ್ಲದೆ ಪಟ್ಟಿ ಕೇಳಿ. ಮೂರಕ್ಕೂ 403 ಬರಬೇಕು. ಅಳಿಸುವ ಪರೀಕ್ಷೆಗೆ ಹೋದರೂ ಚಿಂತೆಯಿಲ್ಲದ ಫೈಲನ್ನೇ ಆರಿಸಿ, ಯಾಕೆ ಅಂತ ಹೇಳಬೇಕಿಲ್ಲ ತಾನೆ?

## 403 ಬಂತು, ಈಗ ಏನು?

ಕ್ರಮವಾಗಿ ಹೋಗಿ. ನಾನು ಯಾರು? ನನ್ನ ಐಎಎಂ ಪಾಲಿಸಿ ಏನು ಹೇಳುತ್ತದೆ? ಬಕೆಟ್ ಪಾಲಿಸಿ? ಕೀ? ಇವು ನಾಲ್ಕೂ ಸರಿ ಇದ್ದರೆ ಎಲ್ಲೋ ಒಂದು ಮರೆತ ಗೋಡೆ ಇದೆ ಅಂತ ಅರ್ಥ. ಅತಿಥಿಯ ಸಂಸ್ಥೆಯ ಎಸ್‌ಸಿಪಿ (ಸಂಸ್ಥೆಯ ಅಕೌಂಟ್‌ಗಳಿಗೆ ಮೇಲಿನಿಂದ ಹಾಕುವ ಮಿತಿ) ಹೊರಗಿನ ಬಕೆಟ್ ಮುಟ್ಟದಂತೆ ತಡೆದಿರಬಹುದು. ಸರ್ವರ್ ವಿಪಿಸಿ ಎಂಡ್‌ಪಾಯಿಂಟ್ (ಖಾಸಗಿ ನೆಟ್‌ವರ್ಕ್‌ನಿಂದ ಎಸ್3ಗೆ ನೇರ ದಾರಿ) ಮೂಲಕ ಹೋಗುತ್ತಿದ್ದರೆ ಆ ಎಂಡ್‌ಪಾಯಿಂಟ್‌ಗೂ ಒಂದು ಪಾಲಿಸಿ ಇರುತ್ತದೆ. ಲ್ಯಾಪ್‌ಟಾಪಿನಿಂದ ಬರುತ್ತದೆ, ಸರ್ವರ್‌ನಿಂದ ಬರುವುದಿಲ್ಲ ಅಂದರೆ ನೇರ ಅಲ್ಲಿಗೇ ಹೋಗಿ.

ಇನ್ನೊಂದು ಮೋಸ ಇದೆ. ಲಿಸ್ಟ್ ಅನುಮತಿ ಇಲ್ಲದವರು ಇಲ್ಲದ ಫೈಲ್ ಕೇಳಿದರೆ ಎಸ್3 404 (ಅಂಥದ್ದು ಇಲ್ಲ) ಹೇಳುವುದಿಲ್ಲ, 403 ಹೇಳುತ್ತದೆ. ಫೈಲ್ ಇದೆಯೋ ಇಲ್ಲವೋ ಅನ್ನುವುದೂ ಗುಟ್ಟೇ ತಾನೆ. ಹಾಗಾಗಿ ಒಂದು ಅಕ್ಷರ ತಪ್ಪಿ ಟೈಪ್ ಮಾಡಿದರೂ ಅನುಮತಿಯ ಸಮಸ್ಯೆಯ ಹಾಗೆ ಕಾಣುತ್ತದೆ.

## ಹೊರಗಿನ ಕಂಪನಿಗೆ ಕೊಡುವಾಗ: ರೋಲ್ ಮತ್ತು ಎಕ್ಸ್‌ಟರ್ನಲ್ ಐಡಿ

ಇಲ್ಲಿ ರೋಲ್ ಇರುವುದು ಮಾಲೀಕರ ಅಕೌಂಟಿನಲ್ಲಿ. ಅದರ 'ಟ್ರಸ್ಟ್ ಪಾಲಿಸಿ'ಯಲ್ಲಿ ಅತಿಥಿಯ ರೋಲ್ ಹೆಸರು, ಅದರ ಅನುಮತಿ ಪಾಲಿಸಿಯಲ್ಲಿ ಹಂತ 4ರ ಅದೇ ಎರಡು ಆಕ್ಷನ್. ಅತಿಥಿಯ ಕಡೆ ಈ ರೋಲ್ ಮೇಲೆ 'ಅಸ್ಯೂಮ್‌ರೋಲ್' ಅನುಮತಿ. ಸೆಷನ್ (ಒಮ್ಮೆ ಅಸ್ಯೂಮ್ ಮಾಡಿದರೆ ಸಿಗುವ ತಾತ್ಕಾಲಿಕ ಪ್ರವೇಶ) ಸುಮ್ನೆ ಬಿಟ್ಟರೆ 1 ಗಂಟೆ. 15 ನಿಮಿಷದಿಂದ 12 ಗಂಟೆಯವರೆಗೆ ಹೊಂದಿಸಬಹುದು. ಆದರೆ ಒಂದು ರೋಲ್‌ನಿಂದ ಇನ್ನೊಂದು ರೋಲ್‌ಗೆ ಹಾರಿದರೆ 1 ಗಂಟೆಗಿಂತ ಜಾಸ್ತಿ ಸಿಗುವುದಿಲ್ಲ. ರಾತ್ರಿಯಿಡೀ ಓಡುವ ಕೆಲಸವಿದ್ದರೆ ನಡುವೆ ಸೆಷನ್ ಹೊಸದು ಮಾಡಿಕೊಳ್ಳುವ ಏರ್ಪಾಡು ಬೇಕು.

ಎಕ್ಸ್‌ಟರ್ನಲ್ ಐಡಿ ಯಾಕೆ ಬೇಕು? ಆ ಕಂಪನಿಗೆ ನೂರು ಗ್ರಾಹಕರಿದ್ದಾರೆ ಅನ್ನಿ. ನೂರೂ ಜನರ ರೋಲ್‌ಗಳನ್ನು ಅದು ಒಂದೇ ಅಕೌಂಟಿನಿಂದ ಅಸ್ಯೂಮ್ ಮಾಡುತ್ತದೆ. ಅವರಲ್ಲೊಬ್ಬ ಕಿಲಾಡಿ "ನನ್ನ ರೋಲ್ ಇದು" ಅಂತ ನಿಮ್ಮ ರೋಲ್‌ನ ಎಆರ್‌ಎನ್ ಕೊಟ್ಟರೆ? ಕಂಪನಿ ಪಾಪ ನಂಬಿ ಅಸ್ಯೂಮ್ ಮಾಡುತ್ತದೆ. ನಿಮ್ಮ ಟ್ರಸ್ಟ್ ಪಾಲಿಸಿ ಕಂಪನಿಯನ್ನು ನಂಬುವುದರಿಂದ ಬಾಗಿಲು ತೆರೆಯುತ್ತದೆ. ನಿಮ್ಮ ಡೇಟಾ ಅವನ ಪರದೆಯ ಮೇಲೆ. ಇದನ್ನು ತಡೆಯಲು ಕಂಪನಿ ಪ್ರತಿ ಗ್ರಾಹಕರಿಗೂ ಬೇರೆ ಬೇರೆ ಐಡಿ ಕೊಟ್ಟು, ಅಸ್ಯೂಮ್ ಮಾಡುವಾಗ ಅದನ್ನೂ ಕಳಿಸುತ್ತದೆ. ನಿಮ್ಮ ಟ್ರಸ್ಟ್ ಪಾಲಿಸಿಯಲ್ಲಿ ನಿಮ್ಮ ಐಡಿ ಇದ್ದರೆ ಕಿಲಾಡಿಯ ಐಡಿ ಹೊಂದುವುದಿಲ್ಲ. ಈ ಐಡಿಯನ್ನು ಗ್ರಾಹಕರೇ ಬೇಕಾದ್ದು ತುಂಬುವಂತೆ ಕಂಪನಿ ಬಿಟ್ಟಿದ್ದರೆ ಉಪಯೋಗವಿಲ್ಲ, ಕಿಲಾಡಿಯೂ ಅದನ್ನೇ ತುಂಬಬಹುದು. ಅದು ಪಾಸ್‌ವರ್ಡ್ ಅಲ್ಲ. ಬೇರೆಯವರದ್ದರ ಜೊತೆ ಬೆರೆಯದಂತೆ ಇರುವ ಗುರುತು.

## ಕೊಟ್ಟ ಮೇಲೆ ನೋಡಿಕೊಳ್ಳುವುದು, ವಾಪಸ್ ತೆಗೆಯುವುದು

ಯಾರು ಯಾವ ಫೈಲ್ ತೆಗೆದರು ಅನ್ನುವುದು ಕ್ಲೌಡ್‌ಟ್ರೇಲ್‌ನಲ್ಲಿ (ಅಕೌಂಟಿನಲ್ಲಿ ನಡೆದದ್ದನ್ನು ದಾಖಲಿಸುವ ಸೇವೆ) ತಾನಾಗಿ ಬರುವುದಿಲ್ಲ. 'ಡೇಟಾ ಈವೆಂಟ್ಸ್' ಆನ್ ಮಾಡಬೇಕು, ಅದಕ್ಕೆ ಬೇರೆ ಬಿಲ್. ಎಲ್ಲ ಬಕೆಟ್‌ಗೂ ಹಾಕದೆ ಕಣಜಕ್ಕೆ ಮಾತ್ರ ಹಾಕಿ. ಐಎಎಂ ಅಕ್ಸೆಸ್ ಅನಲೈಸರ್ ಕೂಡ ಆನ್ ಮಾಡಿಡಿ. ನಿಮ್ಮ ಯಾವ ಬಕೆಟ್ ಹೊರಗಿನ ಯಾರಿಗೆ ತೆರೆದಿದೆ ಅಂತ ಅದು ಪಟ್ಟಿ ಕೊಡುತ್ತದೆ. ಪ್ರತಿ ರೀಜನ್‌ನಲ್ಲೂ ಬೇರೆಯಾಗಿ ಆನ್ ಮಾಡಬೇಕು. ಮೊದಲ ಸಲ ಆ ಪಟ್ಟಿ ನೋಡಿದವರ ಮುಖ ನೋಡಬೇಕು!

ವಾಪಸ್ ತೆಗೆಯುವಾಗ ಎರಡು ದಾರಿಗೂ ವ್ಯತ್ಯಾಸವಿದೆ. ಬಕೆಟ್ ಪಾಲಿಸಿ ದಾರಿಯಲ್ಲಿ ಆ ಸ್ಟೇಟ್‌ಮೆಂಟ್ ಅಳಿಸಿದರೆ ಮುಂದಿನ ಬೇಡಿಕೆಗಳು ಸ್ವಲ್ಪ ಹೊತ್ತಿನಲ್ಲೇ ನಿಲ್ಲುತ್ತವೆ. ರೋಲ್ ದಾರಿಯಲ್ಲಿ ಟ್ರಸ್ಟ್ ಪಾಲಿಸಿಯಿಂದ ಹೆಸರು ಕಿತ್ತರೆ ಹೊಸ ಸೆಷನ್ ಸಿಗುವುದಿಲ್ಲ, ನಿಜ. ಆದರೆ ಈಗಾಗಲೇ ತೆಗೆದುಕೊಂಡ ಸೆಷನ್ ಅದರ ಅವಧಿ ಮುಗಿಯುವ ತನಕ ನಡೆಯುತ್ತಲೇ ಇರುತ್ತದೆ. 12 ಗಂಟೆ ಕೊಟ್ಟಿದ್ದರೆ 12 ಗಂಟೆ. ತುರ್ತಾಗಿ ನಿಲ್ಲಿಸಬೇಕಿದ್ದರೆ ಕನ್ಸೋಲ್‌ನಲ್ಲಿ ಆ ರೋಲ್ ತೆರೆದು 'ರಿವೋಕ್ ಸೆಷನ್ಸ್' ಒತ್ತಿ. ಆ ಗಳಿಗೆಗಿಂತ ಮೊದಲು ಹುಟ್ಟಿದ ಸೆಷನ್‌ಗಳಿಗೆಲ್ಲ ಡಿನೈ ಅಂಟಿಕೊಳ್ಳುತ್ತದೆ. ಟ್ರಸ್ಟ್ ಪಾಲಿಸಿಯಿಂದ ಮೊದಲು ಹೆಸರು ತೆಗೆಯಿರಿ, ಆಮೇಲೆ ರಿವೋಕ್ ಒತ್ತಿ. ಉಲ್ಟಾ ಮಾಡಿದರೆ ಆ ನಡುವಿನ ಗಳಿಗೆಯಲ್ಲಿ ಅತಿಥಿಯ ಸ್ಕ್ರಿಪ್ಟ್ ಹೊಸ ಸೆಷನ್ ತೆಗೆದುಕೊಂಡುಬಿಟ್ಟಿರುತ್ತದೆ. ಕೊನೆಗೆ ಕೀ ಪಾಲಿಸಿಯಲ್ಲಿರುವ ಹೆಸರನ್ನೂ ತೆಗೆಯಿರಿ. ಅದು ಅಲ್ಲೇ ಉಳಿದುಹೋಗಿರುವುದೇ ಜಾಸ್ತಿ.